ಸಭೆಯ ಕುರ್ಚಿ ಬೇಡ, ಮೇಜಿನ ಪಕ್ಕ ಒಂದು ಸ್ಟೂಲು ಕೊಡಿ

ಮಾನ್ಯ ಮುಖ್ಯಮಂತ್ರಿಗಳೇ,

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ತಾವೇ. ಆದ್ದರಿಂದ ಎರಡೂ ಸ್ಥಾನಗಳನ್ನು ನೆನೆದು ಈ ಪತ್ರ ಬರೆಯುತ್ತಿದ್ದೇನೆ. ಊರಿನ ಜನರೂ ಓದಲಿ, ತಪ್ಪಿದ್ದರೆ ತಿದ್ದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಮೆಷಿನ್ ಶಾಪ್ ನಡೆಸುತ್ತೇನೆ. ಮೂವತ್ತೆಂಟು ಜನ ಕೆಲಸಗಾರರು, ಆರು ಲೇತ್, ನಾಲ್ಕು ಸಿಎನ್‌ಸಿ, ಎರಡು ಪವರ್ ಪ್ರೆಸ್. ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದವರು. ಕೆಲಸ ಬಿಟ್ಟು, ಒಂದು ಹಳೇ ಲೇತ್ ಕೊಂಡು, ಬಾಡಿಗೆ ಶೆಡ್ಡಿನಲ್ಲಿ ಅವರು ಶುರು ಮಾಡಿದ್ದನ್ನು ಇಪ್ಪತ್ತೆರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನನ್ನ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಸರ್ಕಾರ "ಉದ್ಯಮಿಗಳ ಸಲಹೆ ಪಡೆಯುತ್ತೇವೆ" ಎಂದಾಗಲೆಲ್ಲ ನಮ್ಮಂಥವರ ನೆನಪು ಯಾರಿಗೂ ಆಗುವುದಿಲ್ಲ. ಈ ಪತ್ರ ಅದರ ಕುರಿತೇ.

ಎರಡು ವರ್ಷದ ಹಿಂದೆ ಶೆಡ್ ವಿಸ್ತರಿಸಲು ಒಂದು ಅನುಮತಿ ಬೇಕಾಯಿತು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿ ನನ್ನೊಡನೆ ಮನಬಿಚ್ಚಿ ಮಾತನಾಡಿದ ಒಬ್ಬ ಒಳ್ಳೆಯ ಮನುಷ್ಯರಿಗೆ ತೊಂದರೆಯಾದೀತು. ಅರ್ಜಿ ಕೊಟ್ಟ ಮೂರು ವಾರಕ್ಕೆ ಒಂದು ಹಿಂಬರಹ ಬಂತು: ನಕ್ಷೆಯಲ್ಲಿ ಅಳತೆಯ ಪ್ರಮಾಣ ನಮೂದಿಸಿಲ್ಲ. ಸರಿಪಡಿಸಿ ಕೊಟ್ಟೆ. ಮತ್ತೆ ಮೂರು ವಾರಕ್ಕೆ ಎರಡನೆಯದು: ಚಲನ್ ಪ್ರತಿ ಲಗತ್ತಿಸಿಲ್ಲ. ಲಗತ್ತಿಸಿದೆ. ಒಂದು ತಿಂಗಳು ಕಳೆದು ಮೂರನೆಯದು: ಎರಡನೇ ಪುಟದಲ್ಲಿ ಎಂಜಿನಿಯರ್ ಸಹಿ ಇಲ್ಲ. ಆ ಹೊತ್ತಿಗೆ ಹೊಸ ಮೆಷಿನ್ನಿಗೆ ಕೊಟ್ಟ ಮುಂಗಡಕ್ಕೆ ಬ್ಯಾಂಕಿನ ಬಡ್ಡಿ ಓಡುತ್ತಿತ್ತು. ಸಿಟ್ಟಿನಿಂದಲೇ ಕಚೇರಿಗೆ ಹೋದೆ.

ನನ್ನ ಕಡತ ನೋಡಿಕೊಳ್ಳುವ ಗುಮಾಸ್ತರು, ಅಂದರೆ ವಿಷಯ ನಿರ್ವಾಹಕರು, ಐವತ್ತೇಳು ದಾಟಿದವರು. ಮೇಜಿನ ಮೇಲೆ ಕಡತಗಳ ಕಟ್ಟು, ಪಕ್ಕದಲ್ಲೊಂದು ಕಂಪ್ಯೂಟರ್, ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ ಗುರುತು. ನಾನು ಬೈಯಲೆಂದೇ ಹೋದವಳು. ಅವರು ಎದುರಿಗಿದ್ದ ಸ್ಟೂಲು ಎಳೆದು ಕೂರಿಸಿ, ನನ್ನದೇ ಕಡತದ ಟಿಪ್ಪಣಿ ಹಾಳೆ ತೆಗೆದು ತೋರಿಸಿದರು. ಒಂದೇ ನಕ್ಷೆಯನ್ನು ಮೂರು ಮೇಜಿನವರು ಒಬ್ಬರಾದ ಮೇಲೆ ಒಬ್ಬರು ನೋಡುತ್ತಾರೆ. ಮೊದಲ ಮೇಜಿನವರು ಅಳತೆ ನೋಡುತ್ತಾರೆ, ಕೊರತೆ ಕಂಡರೆ ಅಲ್ಲಿಂದಲೇ ಹಿಂಬರಹ. ಅದು ಸರಿಯಾದರೆ ಎರಡನೇ ಮೇಜು, ಅಲ್ಲಿ ಶುಲ್ಕ. ಆಮೇಲೆ ಮೂರನೆಯದು. "ಹಿಂಬರಹ ಹೊರಟ ದಿನ ಆ ಮೇಜಿನ ಲೆಕ್ಕದಲ್ಲಿ ಕಡತ ವಿಲೇವಾರಿ ಆದ ಹಾಗೆ ಮೇಡಂ. ತಿಂಗಳ ವರದಿಯಲ್ಲಿ ನಮ್ಮದೆಲ್ಲ ಚೆನ್ನಾಗೇ ಕಾಣುತ್ತೆ" ಅಂದರು.

ನಮ್ಮ ಶಾಪಿನಲ್ಲಿ ಹೊಸ ಆರ್ಡರ್ ಬಂದಾಗ ಮೊದಲ ಪೀಸು ಲೇತಿನಿಂದ ಇಳಿಯುತ್ತಿದ್ದಂತೆ ಮೆಷಿನ್ ನಿಲ್ಲಿಸುತ್ತೇವೆ. ಆ ಒಂದು ಪೀಸಿನ ವ್ಯಾಸ, ಉದ್ದ, ತೂತಿನ ಅಳತೆ, ಮೇಲ್ಮೈ ಎಲ್ಲವನ್ನೂ ಅಲ್ಲೇ ನೋಡಿ ಜಾಬ್ ಕಾರ್ಡಿನ ಮೇಲೆ ಬರೆದ ನಂತರವೇ ಉಳಿದ ಐನೂರು ಪೀಸಿಗೆ ಕೈ ಹಾಕುವುದು. ವ್ಯಾಸವನ್ನು ಮೊದಲು ನೋಡಿ, ಉದ್ದವನ್ನು ಇನ್ನೂರನೇ ಪೀಸಿನಲ್ಲಿ ನೋಡಿ, ತೂತನ್ನು ನಾನೂರನೇ ಪೀಸಿನಲ್ಲಿ ನೋಡುತ್ತಾ ಹೋದರೆ ಇಡೀ ಲಾಟು ಸ್ಕ್ರ್ಯಾಪ್ ಆಗುತ್ತದೆ. ಇದು ದೊಡ್ಡ ವಿದ್ಯೆಯಲ್ಲ. ಐಟಿಐ ಮುಗಿಸಿ ಬಂದ ಹುಡುಗನಿಗೆ ಮೊದಲ ವಾರ ಹೇಳಿಕೊಡುವ ಪಾಠ. ಆ ಕಚೇರಿಯಲ್ಲೂ ಮೂರು ಪರಿಶೀಲನೆಯನ್ನು ಅರ್ಜಿ ಬಂದ ದಿನವೇ ಒಟ್ಟಿಗೆ ಮಾಡಿ, ಕೊರತೆಗಳನ್ನೆಲ್ಲ ಒಂದೇ ಹಿಂಬರಹದಲ್ಲಿ ಕೊಟ್ಟರೆ ಅರ್ಜಿದಾರನ ಎರಡು ತಿಂಗಳು ಉಳಿಯುತ್ತದೆ. ಇದನ್ನು ಹೇಳಿ, ಅವರ ಮೇಜಿನ ಮೇಲಿದ್ದ ಒಂದು ಹಳೇ ಸುತ್ತೋಲೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದೆ.

ಅವರು ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅಂದರು: "ಮೇಡಂ, ಇದನ್ನ ಹತ್ತು ವರ್ಷದಿಂದ ನಾನೇ ಹೇಳ್ತಾ ಇದೀನಿ. ಗುಮಾಸ್ತನ ಮಾತು ಯಾರು ಕೇಳ್ತಾರೆ?"

ಮಾನ್ಯರೇ, ಸರ್ಕಾರದೊಳಗೆ ಬುದ್ಧಿ ಇಲ್ಲ, ಹೊರಗಿನಿಂದ ತುಂಬಬೇಕು ಎಂದು ನಾನೂ ಅಲ್ಲಿಯವರೆಗೆ ನಂಬಿದ್ದೆ. ಆ ದಿನ ಆ ನಂಬಿಕೆ ಹೋಯಿತು. ಒಳಗಿರುವವರಿಗೆ ಎಲ್ಲಿ ತೊಡಕಿದೆ ಎಂಬುದು ಗೊತ್ತು. ಹೊರಗಿನವರಿಗೆ ಅದನ್ನು ಬಿಡಿಸುವ ಒಂದೆರಡು ಪಟ್ಟು ಗೊತ್ತು. ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕೂರುವ ಸಂದರ್ಭವೇ ಬರುವುದಿಲ್ಲ. ಬಂದರೆ ಹೀಗೆ, ಜಗಳ ಮಾಡಲು ಹೋದಾಗ ಮಾತ್ರ.

ಖಾಸಗಿಯವರ ಅನುಭವವನ್ನು ಸರ್ಕಾರಕ್ಕೆ ತರುವ ಪ್ರಯತ್ನ ಬೆಂಗಳೂರಿಗೆ ಹೊಸದಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ಇನ್ಫೋಸಿಸ್‌ನ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿದರು. ಜಲಮಂಡಳಿ, ಬಿಡಿಎ, ಪಾಲಿಕೆ, ಪೊಲೀಸ್ ಹೀಗೆ ನಗರದ ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕ ವೇದಿಕೆಯಲ್ಲಿ ನಿಂತು, ಏನು ಮಾಡಿದೆವು, ಮುಂದೆ ಏನು ಮಾಡುತ್ತೇವೆ ಎಂದು ಒಪ್ಪಿಸುವ ಪದ್ಧತಿ ಆಗ ಬಂತು. ಅಪ್ಪ ಒಮ್ಮೆ ಪತ್ರಿಕೆಯಲ್ಲಿ ಅದರ ವರದಿ ಓದಿ, "ಅಧಿಕಾರಿಗಳು ಜನರ ಮುಂದೆ ಲೆಕ್ಕ ಕೊಡ್ತಾರಂತೆ ಕಣಮ್ಮ" ಎಂದು ಆಶ್ಚರ್ಯಪಟ್ಟಿದ್ದು ನೆನಪಿದೆ. 2004ರಲ್ಲಿ ಸರ್ಕಾರ ಬದಲಾಯಿತು, ಆ ಟಾಸ್ಕ್ ಫೋರ್ಸ್ ಅಲ್ಲಿಗೆ ನಿಂತಿತು. 2008ರಲ್ಲಿ ಅಬೈಡ್ ಎಂಬ ಇನ್ನೊಂದು ಕಾರ್ಯಪಡೆ ಬಂತು. 2016ರಲ್ಲಿ ಬ್ಲೂಪ್ರಿಂಟ್ ಆಕ್ಷನ್ ಗ್ರೂಪ್ ಬಂತು. ಅವೂ ಹೋದವು.

ಆದರೆ ಆ ಕಾಲದ ಒಂದು ವಸ್ತು ಇಂದಿಗೂ ನನ್ನ ಬೀರುವಿನಲ್ಲಿದೆ. ಸ್ವಯಂ ಘೋಷಣೆಯ ಆಸ್ತಿ ತೆರಿಗೆ ರಸೀದಿ. ಅದಕ್ಕೆ ಮೊದಲು ಪಾಲಿಕೆಯ ನೌಕರರೊಬ್ಬರು ಬಂದು, ಕಟ್ಟಡ ನೋಡಿ, ಇಷ್ಟು ಬಾಡಿಗೆ ಬರಬಹುದು ಎಂದು ಅಂದಾಜು ಹಾಕಿ ಕಂದಾಯ ನಿಗದಿ ಮಾಡುತ್ತಿದ್ದರು. ಅಂದಾಜು ಅವರ ಕೈಯಲ್ಲಿ, ಚೌಕಾಸಿ ನಮ್ಮ ಬಾಯಲ್ಲಿ. 2000ರಲ್ಲಿ ಪಾಲಿಕೆಯ ಅಧಿಕಾರಿಗಳೂ ಟಾಸ್ಕ್ ಫೋರ್ಸಿನವರೂ ಜೊತೆಗೂಡಿ, ಬಡಾವಣೆಯ ವಲಯ, ಕಟ್ಟಡದ ಬಗೆ, ವಯಸ್ಸು, ವಿಸ್ತೀರ್ಣ ಹಿಡಿದು ಮಾಲೀಕನೇ ಲೆಕ್ಕ ಹಾಕಿ ಕಟ್ಟುವ ಕ್ರಮ ತಂದರು. ಲೆಕ್ಕದ ಸೂತ್ರ ಆಮೇಲೆ ಬದಲಾಗಿದೆ, ಆದರೆ ಲೆಕ್ಕ ಹಾಕುವವನು ನಾಗರಿಕನೇ ಎಂಬುದು ಉಳಿದಿದೆ. ಏಕೆ ಉಳಿಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಅದು ಕಚೇರಿಯ ನಮೂನೆಯೊಳಗೆ ಸೇರಿತು. ಕಂದಾಯ ಶಾಖೆಯ ಗುಮಾಸ್ತರು ಅದನ್ನು ಕಲಿತರು, ಅದರಲ್ಲೇ ರಸೀದಿ ಹರಿದರು, ಅದರ ಮೇಲೆಯೇ ಆಡಿಟ್ ನಡೆಯಿತು. ಸಭೆಯಲ್ಲಿ ಉಳಿದಿದ್ದೆಲ್ಲ ಸಭೆಯೊಂದಿಗೆ ಹೋಯಿತು, ಮೇಜಿಗೆ ಇಳಿದದ್ದು ಮಾತ್ರ ನಿಂತಿತು.

ಆ ಸಮಿತಿಗಳ ಮೇಲಿದ್ದ ಆಕ್ಷೇಪವೂ ಸುಳ್ಳಲ್ಲ. ಸಂವಿಧಾನದ 74ನೇ ತಿದ್ದುಪಡಿ ನಗರವನ್ನು ಚುನಾಯಿತ ಪಾಲಿಕೆಗೆ ಒಪ್ಪಿಸಿದೆ. ಯಾರೂ ಆರಿಸದ ಹತ್ತಾರು ಮಂದಿ ಊರಿನ ನಕ್ಷೆ ಬರೆಯುವುದು ಹೇಗೆ ಎಂದು ಕೇಳಿದವರು ನ್ಯಾಯವಾಗಿಯೇ ಕೇಳಿದರು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಈ ಊರು ಕಾರ್ಪೊರೇಟರ್‌ಗಳೇ ಇಲ್ಲದೆ ನಡೆಯಿತು. ಆ ಖಾಲಿ ಜಾಗವನ್ನು ಉದ್ಯಮಿಗಳಿಂದ ತುಂಬಿಸಿ ಎಂದು ನಾನು ಕೇಳುತ್ತಿಲ್ಲ. ಯಾರೂ ಕೇಳಬಾರದು.

ನಾನು ಕೇಳುತ್ತಿರುವುದು ಬೇರೆ. ಅದನ್ನು ಹೇಳುವ ಮೊದಲು ಕಿತ್ತೂರಿನ ಒಂದು ವಿಷಯ ಹೇಳಬೇಕು.

ಅಮೆರಿಕದಲ್ಲಿ ಟೆಲಿಫೋನ್ ಸ್ವಿಚ್ ತಯಾರಿಕೆಯ ಉದ್ಯಮ ಕಟ್ಟಿದ್ದ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ದೂರವಾಣಿ ತಂತ್ರಜ್ಞಾನ ಸಂಸ್ಥೆ ಆರಂಭಿಸಿತು. ಅವರು ವರ್ಷಕ್ಕೆ ಒಂದು ರೂಪಾಯಿ ಸಂಬಳಕ್ಕೆ ಕೆಲಸ ಮಾಡಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಆಗ ಹೊರದೇಶದಿಂದ ಬರುತ್ತಿದ್ದ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕಿತ್ತು. ಸಿ-ಡಾಟ್‌ನ ಯುವ ಎಂಜಿನಿಯರುಗಳು ಏಸಿಯಿಲ್ಲದೆ, ಹಳ್ಳಿಯ ಧೂಳು ಮತ್ತು ಬಿಸಿಲಿನಲ್ಲಿ ನಡೆಯುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಅದರಲ್ಲಿ ಮೊದಲನೆಯದನ್ನು 1986ರ ಜುಲೈನಲ್ಲಿ ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಹೊರಗಿನಿಂದ ಬಂದವರ ಕೌಶಲವನ್ನು ಇಲ್ಲಿನ ಬಿಸಿಲಿಗೆ ಹಿಡಿದು ನೋಡಿದ್ದರಿಂದ ಅದು ಆಯಿತು. ಊರಿಗೆ ಕರೆ ಮಾಡಲು ಟ್ರಂಕ್ ಬುಕ್ ಮಾಡಿ ಅರ್ಧ ದಿನ ಕಾದವರಿಗೆ ಅದರ ಬೆಲೆ ಗೊತ್ತು.

ಇನ್ನೂ ಹಿಂದಕ್ಕೆ ಹೋದರೆ, 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ವಿಶ್ವೇಶ್ವರಯ್ಯನವರು ಆಗ ಮುಖ್ಯ ಎಂಜಿನಿಯರ್, ಇನ್ನೂ ದಿವಾನರಾಗಿರಲಿಲ್ಲ. ಅಧಿಕಾರಿಗಳೂ ಅಧಿಕಾರದ ಹೊರಗಿನವರೂ ಕೃಷಿ, ಶಿಕ್ಷಣ, ಕೈಗಾರಿಕೆ ಎಂದು ವಿಷಯ ಹಂಚಿಕೊಂಡು ಕೂತರು. ಕೆಲಸ ರಾಜಧಾನಿಯಲ್ಲಿ ನಿಲ್ಲದೆ ಜಿಲ್ಲೆ, ತಾಲ್ಲೂಕು ಸಮಿತಿಗಳವರೆಗೆ ಹೋಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ವಿಮಾನ ಕಾರ್ಖಾನೆಯ ಕನಸು ಹೊತ್ತು ಬಂದಾಗ ಮೈಸೂರು ಸರ್ಕಾರ ಜಾಗ ಕೊಟ್ಟದ್ದಷ್ಟೇ ಅಲ್ಲ, ಸ್ವತಃ ಪಾಲು ಹಾಕಿತು. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹಾಗೆ. ಈ ನಾಡಿನ ಆಡಳಿತಕ್ಕೆ ಉದ್ಯಮಿಯೊಡನೆ ಕೂರುವುದು ಅಪರಿಚಿತವೇನಲ್ಲ.

ಈಗ ನನ್ನ ಬೇಡಿಕೆ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಯಿತು. ಹೊಸ ಫಲಕ, ಹೊಸ ವಲಯ, ಹೊಸ ಮೇಜು. ಯಾವ ಕಡತ ಯಾವ ಮೇಜಿನಿಂದ ಎಲ್ಲಿಗೆ ಹೋಗಬೇಕು ಎಂಬುದು ಒಮ್ಮೆ ಗಟ್ಟಿಯಾಗಿಬಿಟ್ಟರೆ ಇನ್ನು ಇಪ್ಪತ್ತು ವರ್ಷ ಅಲುಗಾಡುವುದಿಲ್ಲ. ಮೆಷಿನ್ ಕೂರಿಸುವಾಗಲೇ ತಳಪಾಯ ಮಟ್ಟ ನೋಡಬೇಕು. ಐದೂ ಪಾಲಿಕೆಗಳಲ್ಲಿ, ಜನ ದಿನಾ ಬರುವ ಒಂದೊಂದು ಕಚೇರಿ ಆರಿಸಿ. ಒಂದೊಂದು ಕಚೇರಿಗೆ ಒಬ್ಬ ಉದ್ಯಮಿ. ಆರು ತಿಂಗಳು, ವಾರಕ್ಕೆ ಮೂರು ದಿನ. ಅವರಿಗೆ ಕೋಣೆ ಬೇಡ, ಕಾರು ಬೇಡ, ಫಲಕ ಬೇಡ. ವಿಷಯ ನಿರ್ವಾಹಕರ ಪಕ್ಕ ಒಂದು ಸ್ಟೂಲು ಸಾಕು. ಮೊದಲ ತಿಂಗಳು ಅವರು ಬಾಯಿ ತೆರೆಯದೆ ಟಪಾಲು ವಿಭಾಗದಿಂದ ಸಹಿಯವರೆಗೆ ಕಡತದ ಹಿಂದೆ ನಡೆಯಲಿ. ಆಮೇಲೆ ಆ ಕಚೇರಿಯ ನೌಕರರೊಡನೆ ಕೂತು ಒಂದೇ ಒಂದು ತೊಡಕನ್ನು ಆರಿಸಿಕೊಂಡು ಬಿಡಿಸಲಿ. ಬಿಡಿಸಿದ್ದು ಸುತ್ತೋಲೆಯಾಗಿಯೋ ನಮೂನೆಯಾಗಿಯೋ ಇಲಾಖೆಯ ಹೆಸರಿನಲ್ಲಿ ಹೊರಬರಲಿ, ಉದ್ಯಮಿಯ ಹೆಸರಿನಲ್ಲಿ ಬೇಡ.

ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ 2014ರಲ್ಲಿ ಇದಕ್ಕೆ ಹತ್ತಿರದ ಒಂದು ಕೆಲಸ ಮಾಡಿತು. ಆರು ಹೊಸ ಕಂಪನಿಗಳವರನ್ನು 16 ವಾರ ನಗರದ ಇಲಾಖೆಗಳೊಂದಿಗೆ ಕೂರಿಸಿತು. ಅದರಿಂದ ಹುಟ್ಟಿದ್ದರಲ್ಲಿ ಒಂದು, ದೃಷ್ಟಿ ಇಲ್ಲದ ಪ್ರಯಾಣಿಕರಿಗೆ ವಿಮಾನ ನಿಲ್ದಾಣದೊಳಗೆ ಫೋನಿನ ದನಿಯಲ್ಲೇ ದಾರಿ ಹೇಳುವ ವ್ಯವಸ್ಥೆ. ಅಲ್ಲಿ ಬಂದವರು ಹೆಚ್ಚಾಗಿ ತಂತ್ರಾಂಶದವರು. ನಮ್ಮಲ್ಲಿ ಅವರೂ ಇರಲಿ, ಅವರಷ್ಟೇ ಆಗುವುದು ಬೇಡ ಎಂಬುದು ನನ್ನ ಮಾತು.

ಉದ್ಯಮಿ ಎಂದರೆ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದವರು ಎಂಬ ಎಣಿಕೆ ಹೇಗೋ ಬೆಳೆದುಬಿಟ್ಟಿದೆ. ಜಯನಗರದ ಒಂದು ದರ್ಶಿನಿಗೆ ಬೆಳಿಗ್ಗೆ ಎಂಟಕ್ಕೆ ಹೋಗಿ ನಿಲ್ಲಿ. ಟೋಕನ್ ಒಂದು ಕಡೆ, ದೋಸೆ ಒಂದು ಕಡೆ, ಇಡ್ಲಿ ವಡೆ ಇನ್ನೊಂದು ಕಡೆ, ಕಾಫಿ ಕೊನೆಯಲ್ಲಿ. ದೋಸೆ ಹೊತ್ತಾಗುತ್ತದೆ ಎಂದು ಗೊತ್ತಿರುವುದರಿಂದ ಅದರ ಟೋಕನ್ ಮೊದಲು ಒಳಗೆ ಹೋಗುತ್ತದೆ, ಇಡ್ಲಿಯವನು ದೋಸೆಯವನ ಹಿಂದೆ ಕಾಯುವುದಿಲ್ಲ. ಅಡುಗೆಮನೆ ಕಣ್ಣಿಗೆ ಕಾಣುವಂತೆ ತೆರೆದೇ ಇರುತ್ತದೆ. ನೂರಾರು ಜನ ಕೂರದೆ, ಕೂಗಾಡದೆ ತಿಂದು ಹೋಗುತ್ತಾರೆ. ಇದು 1980ರ ದಶಕದಲ್ಲಿ ಈ ಊರು ತಾನೇ ಕಂಡುಕೊಂಡ ವಿದ್ಯೆ. ಆ ಯಜಮಾನರನ್ನು ಆರು ತಿಂಗಳು ಒಂದು ಉಪನೋಂದಣಿ ಕಚೇರಿಯ ಹಜಾರದಲ್ಲಿ ನಿಲ್ಲಿಸಿ ನೋಡಿ. ಯಾವ ಅರ್ಜಿ ದೋಸೆ, ಯಾವುದು ಇಡ್ಲಿ ಎಂದು ಮೂರೇ ದಿನದಲ್ಲಿ ಹೇಳುತ್ತಾರೆ. ಕೆ.ಆರ್. ಮಾರುಕಟ್ಟೆಯ ಹೂವಿನ ಮಂಡಿಯವರು ನಸುಕಿನಲ್ಲಿ ಬಂದ ಹೂವನ್ನು ಬಾಡುವ ಮೊದಲು ಊರಿಗೆಲ್ಲ ಹಂಚುತ್ತಾರೆ. ಕಸದ ಲಾರಿಯ ಹೊತ್ತುಗೊತ್ತು ಕೂರಿಸುವುದಕ್ಕೆ ಅವರಿಗಿಂತ ಒಳ್ಳೆಯ ಗುರು ನನಗೆ ಗೊತ್ತಿಲ್ಲ.

ನೆಲ ಕಂಡವರು ಮೇಜಿನ ಬಳಿ ಇರಬೇಕು ಎಂದು ನಾನು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ನಮ್ಮಲ್ಲಿ ಹದಿನೆಂಟು ವರ್ಷದಿಂದ ಪ್ರೆಸ್ ಮೇಲೆ ಕೆಲಸ ಮಾಡುವ ಒಬ್ಬರಿದ್ದಾರೆ. ಕೂಲೆಂಟು, ಗ್ರೀಸು, ತಗಡಿನ ಅಂಚು ತಾಗಿ ಅವರ ಬೆರಳ ತುದಿ ನುಣ್ಣಗಾಗಿದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟು ಒಪ್ಪುವುದಿಲ್ಲ. ಪ್ರತಿ ತಿಂಗಳೂ ಎರಡು ಸಲ, ಮೂರು ಸಲ ಹೋಗಬೇಕು, ಅರ್ಧ ದಿನದ ರಜೆ ಹಾಕಬೇಕು. ಒಮ್ಮೆ ನನ್ನ ಮುಂದೆ ಎರಡೂ ಕೈ ಚಾಚಿ, "ಕೆಲಸ ಮಾಡಿದ್ದೇ ತಪ್ಪಾಯ್ತೇನಮ್ಮ?" ಎಂದು ಕೇಳಿದರು. ಆ ಯಂತ್ರದ ನಿಯಮ ಬರೆಯುವ ದಿನ ಕಾರ್ಖಾನೆ ನಡೆಸುವ ಒಬ್ಬರು, ಇಟ್ಟಿಗೆ ಗೂಡು ನಡೆಸುವ ಒಬ್ಬರು ಅಲ್ಲಿದ್ದಿದ್ದರೆ, ಬೆರಳು ಒಪ್ಪದವರಿಗೆ ಏನು ದಾರಿ ಎಂಬುದನ್ನು ಮೊದಲ ಪುಟದಲ್ಲೇ ಬರೆಸುತ್ತಿದ್ದರು.

ಇನ್ನು ಭಯಗಳು. ಅವು ನನಗೂ ಇವೆ.

ಮೊದಲನೆಯದು ಸ್ವಹಿತ. 2024ರ ಬೇಸಿಗೆಯಲ್ಲಿ ಊರಿಗೆ ನೀರಿಲ್ಲದಾದಾಗ ಆಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ಗೊತ್ತು ಮಾಡಬೇಕಾಯಿತು. ಯಾವ ಬಡಾವಣೆಯಲ್ಲಿ ಬೋರ್‌ವೆಲ್ ಯಾವಾಗ ಬತ್ತುತ್ತದೆ, ಎಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತದೆ ಎಂಬುದು ಟ್ಯಾಂಕರ್ ನಡೆಸುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನೀರು ತುಟ್ಟಿಯಾದರೆ ಲಾಭವೂ ಅವರಿಗೇ. ತಿಳಿವಳಿಕೆ, ಆಸೆ ಎರಡೂ ಒಂದೇ ತಲೆಯಲ್ಲಿರುವ ಇಂಥ ಕಡೆ ಏನು ಮಾಡಬೇಕು? ಅವರ ಮಾತು ಕೇಳಬೇಕು, ಬರೆದುಕೊಳ್ಳಬೇಕು, ಪೆನ್ನು ಮಾತ್ರ ಅವರ ಕೈಗೆ ಕೊಡಬಾರದು. ತಾನು ವ್ಯಾಪಾರ ಮಾಡುವ ಕ್ಷೇತ್ರದ ಕಚೇರಿಯಲ್ಲಿ ಯಾವ ಉದ್ಯಮಿಯೂ ಕೂರಬಾರದು. ನನ್ನನ್ನು ಕೈಗಾರಿಕೆಗೆ ಅನುಮತಿ ಕೊಡುವ ಕಚೇರಿಗೆ ಕಳಿಸಬೇಡಿ, ಜನನ ಮರಣ ಪತ್ರದ ಕಚೇರಿಗೆ ಕಳಿಸಿ. ಒಳಗೆ ಕೂತು ನೋಡಿದವರು ಆ ಇಲಾಖೆಯ ಟೆಂಡರಿಗೆ ಎರಡು ವರ್ಷ ಬರಬಾರದು, ಅವರ ಮನೆಯವರೂ ಬರಬಾರದು. ನಿವೃತ್ತ ಐಎಎಸ್ ಅಧಿಕಾರಿ ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು. ಒಳಗಿನಿಂದ ಹೊರಗೆ ಹೋಗುವ ಬಾಗಿಲಿಗೆ ಚಿಲಕ ಇರುವಾಗ ಹೊರಗಿನಿಂದ ಒಳಗೆ ಬರುವ ಬಾಗಿಲಿಗೆ ಇನ್ನೂ ಗಟ್ಟಿ ಚಿಲಕ ಬೇಡವೇ? ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯಲ್ಲಿ ಟೆಂಡರ್ ಕರೆಯದೆ ಕೊಳ್ಳಲು ಬಿಡುವ 4(ಜಿ) ವಿನಾಯಿತಿಯನ್ನು ಈ ಯೋಜನೆಯ ಯಾವ ಖರೀದಿಗೂ ಬಳಸುವುದಿಲ್ಲ ಎಂದು ಆದೇಶದಲ್ಲೇ ಬರೆಯಿರಿ.

ಎರಡನೆಯದು ನೌಕರಿ ಮತ್ತು ಮೀಸಲಾತಿ. 2024ರ ಆಗಸ್ಟ್‌ನಲ್ಲಿ ಕೇಂದ್ರದ 45 ಹುದ್ದೆಗಳಿಗೆ ಹೊರಗಿನವರನ್ನು ನೇರವಾಗಿ ತೆಗೆದುಕೊಳ್ಳುವ ಜಾಹೀರಾತು ಬಂದು, ಮೀಸಲಾತಿ ಇಲ್ಲವೆಂಬ ಕಾರಣಕ್ಕೆ ಕೆಲವೇ ದಿನದಲ್ಲಿ ವಾಪಸ್ ಆಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಸೂಪರ್‌ವೈಸರ್ ಮಗಳು ವಿಜಯನಗರದ ಒಂದು ಪಿಜಿಯಲ್ಲಿದ್ದು ನಾಲ್ಕು ವರ್ಷದಿಂದ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಪಾಲಿನ ಒಂದು ಕುರ್ಚಿಯೂ ಇದರಿಂದ ಕಡಿಮೆಯಾಗಬಾರದು. ಆದ್ದರಿಂದಲೇ ಹುದ್ದೆ ಬೇಡ, ಸ್ಟೂಲು ಸಾಕು ಎನ್ನುತ್ತಿದ್ದೇನೆ. ಸಹಿಯ ಅಧಿಕಾರ ಬೇಡ, ಆದೇಶ ಕೊಡುವ ಅಧಿಕಾರ ಬೇಡ, ಸೇವಾ ನಿಯಮದಲ್ಲಿ ಜಾಗ ಬೇಡ. ಹಾಗೆಂದು ಸ್ಟೂಲಿಗೆ ಆರಿಸುವಾಗ ಒಂದೇ ಕ್ಲಬ್ಬಿನವರನ್ನು ಕರೆದರೂ ಆಗದು. ಕಾಮಗಾರಿ ಟೆಂಡರಿನಲ್ಲೇ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಪಾಲು ಇಟ್ಟ ರಾಜ್ಯ ನಮ್ಮದು, ಇಲ್ಲಿಯೂ ಆ ಪಾಲು ಇರಲಿ. ಹೆಣ್ಣುಮಕ್ಕಳು ಇರಲಿ.

ಸಂಬಳದ ವಿಷಯ ಸಣ್ಣದೆಂದು ಬಿಡಬೇಡಿ. ಒಂದು ರೂಪಾಯಿಗೆ ದುಡಿಯುವುದು ದೊಡ್ಡ ಮನಸ್ಸು, ಆದರೆ ಅದನ್ನೇ ನಿಯಮ ಮಾಡಿದರೆ ಉಳ್ಳವರು ಮಾತ್ರ ಬರುತ್ತಾರೆ. ವಾರಕ್ಕೆ ಮೂರು ದಿನ ಅಂಗಡಿ ಬಿಟ್ಟು ಬರುವ ಸಣ್ಣ ವ್ಯಾಪಾರಿಗೆ ಒಂದು ಮಿತವಾದ ಗೌರವಧನ ಕೊಡಿ. ದುಡ್ಡು ತೆಗೆದುಕೊಂಡವರನ್ನು ಏನು ಮಾಡಿದಿರಿ ಎಂದು ಕೇಳಬಹುದು. ಪುಕ್ಕಟೆ ಬಂದವರನ್ನು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಮತ್ತೆ ಕನ್ನಡ. ಕಡತ ಇರುವುದು ಕನ್ನಡದಲ್ಲಿ. ಷರಾ, ಹಿಂಬರಹ, ಅವಗಾಹನೆ, ಮಂಡಿಸಿದೆ, ಪರಾಮರ್ಶಿಸಿ ಎಂಬ ಮಾತುಗಳ ಒಳಗೆ ಯಾರು ಯಾರ ಮೇಲೆ ಭಾರ ಹಾಕಿದ್ದಾರೆ ಎಂಬುದೆಲ್ಲ ಇರುತ್ತದೆ. ಮೊದಲ ಸಲ ನನ್ನ ಕಡತದ ಟಿಪ್ಪಣಿ ಹಾಳೆ ಓದಿದಾಗ "ಪರಿಶೀಲಿಸಿ ಮಂಡಿಸಿ" ಎಂಬ ಎರಡು ಪದಕ್ಕೆ ಹನ್ನೊಂದು ದಿನ ಹೋಗಿದ್ದು ಕಂಡಿತು. ಇಂಗ್ಲಿಷ್ ಸ್ಲೈಡ್ ಹಿಡಿದು ಬರುವವರ ಕಣ್ಣಿಗೆ ಆ ಹನ್ನೊಂದು ದಿನ ಬೀಳುವುದಿಲ್ಲ. ಕನ್ನಡ ಓದಿ ಬರೆಯಲು ಬಾರದವರು ಎಷ್ಟೇ ದೊಡ್ಡವರಾಗಲಿ, ಈ ಕೆಲಸಕ್ಕೆ ಬೇಡ. ಕಲಿತು ಬರಲಿ, ಆಮೇಲೆ ಸ್ವಾಗತ.

ಒಳಗಿನವರಿಂದಲೇ ದೊಡ್ಡ ಕೆಲಸ ಆದದ್ದೂ ಈ ರಾಜ್ಯದಲ್ಲೇ. ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯ ಹಿಂದೆ ಇದ್ದವರು ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ, ಅವರ ಜೊತೆ ನಾಡಿನ ಗ್ರಾಮ ಲೆಕ್ಕಿಗರು. ಸರ್ಕಾರಿ ಸೇವೆಗೆ ಇಂತಿಷ್ಟು ದಿನ ಎಂದು ಗಡುವು ಹಾಕಿದ 2011ರ ಸಕಾಲ ಕಾಯ್ದೆಯೂ ಸರ್ಕಾರವೇ ತಂದದ್ದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದು ಕಾಯ್ದೆಯಲ್ಲೇ ಬರೆದ ಧೈರ್ಯ ಚಿಕ್ಕದಲ್ಲ. ಆದರೆ ಗಡಿಯಾರ ಇಟ್ಟ ಮಾತ್ರಕ್ಕೆ ಕಡತದ ದಾರಿ ನೆಟ್ಟಗಾಗುವುದಿಲ್ಲ. ನಾನು ಹೇಳಿದ ಆ ಕಚೇರಿ ಈಗ ಆನ್‌ಲೈನ್ ಆಗಿದೆ. ಕಾಗದದ ಮೂರು ಮೇಜು ಪರದೆಯ ಮೇಲೆ ಮೂರು ಮೇಜಾಗಿಯೇ ಉಳಿದಿವೆ. ತಂತ್ರಾಂಶ ಬರೆದವರು ಹಳೆಯ ದಾರಿಯನ್ನು ಹಾಗೆಯೇ ನಕಲು ಮಾಡಿದರು. ಬೇರೆ ದಾರಿ ಇದೆ ಎಂದು ಹೇಳಬಲ್ಲ ವಿಷಯ ನಿರ್ವಾಹಕರನ್ನು ಆಗಲೂ ಯಾರೂ ಕರೆಯಲಿಲ್ಲ.

ನಮ್ಮ ಉದ್ಯಮಿ ಮಿತ್ರರಿಗೂ ಒಂದು ಮಾತು. ರಸ್ತೆ ಗುಂಡಿಯ ಫೋಟೊ ಹಾಕಿ ಬೇರೆ ರಾಜ್ಯಕ್ಕೆ ಹೋಗುತ್ತೇವೆ ಎನ್ನುವುದು ಸುಲಭ. ತುಮಕೂರು ರಸ್ತೆಯ ಮೇಲ್ಸೇತುವೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಮೇಲೆ ಅದರ ಮೇಲೆ ಭಾರಿ ವಾಹನ ಮತ್ತೆ ಓಡಲು 2024ರ ಜುಲೈ ಬರಬೇಕಾಯಿತು. ಅಷ್ಟು ಕಾಲ ನಮ್ಮ ಲಾರಿಗಳು ಕೆಳಗಿನ ರಸ್ತೆಯಲ್ಲಿ ತೆವಳಿದವು, ನಾನೂ ಬೈದಿದ್ದೇನೆ. ಆದರೆ ಕಬ್ಬಿಣ ಹೇಗೆ ದಣಿಯುತ್ತದೆ, ಕೇಬಲ್ ಹೇಗೆ ತುಕ್ಕು ಹಿಡಿಯುತ್ತದೆ ಎಂದು ದಿನವೂ ನೋಡುವ ನೂರಾರು ಜನ ಆ ಸೇತುವೆಯ ಎರಡೂ ಬದಿಯಲ್ಲೇ ಇದ್ದೆವು. ನಮ್ಮನ್ನು ಯಾರೂ ಕರೆಯಲಿಲ್ಲ ಎಂಬುದು ನಿಜ. ನಾವಾಗಿ ಹೋಗಿ, ನಾಲ್ಕು ದಿನ ಕೂತು ನೋಡುತ್ತೇವೆ ಎಂದು ಕೇಳಲೂ ಇಲ್ಲ. ಕರೆ ಬಂದರೆ ಆರು ತಿಂಗಳು ಕೊಡಲು ಸಿದ್ಧರಿರುವವರು ಪೀಣ್ಯದಲ್ಲಿ, ರಾಜಾಜಿನಗರದಲ್ಲಿ, ಬೊಮ್ಮಸಂದ್ರದಲ್ಲಿ ಎಷ್ಟು ಮಂದಿ ಎಂದು ನಮ್ಮ ಸಂಘಗಳು ಈಗಲೇ ಪಟ್ಟಿ ಮಾಡಲಿ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಲಿ.

ಮಾನ್ಯರೇ, ಆ ವಿಷಯ ನಿರ್ವಾಹಕರನ್ನು ಹೋದ ತಿಂಗಳು ಮತ್ತೆ ಕಂಡೆ. ನಾನು ಚಿತ್ರ ಬರೆದಿದ್ದ ಆ ಹಳೇ ಸುತ್ತೋಲೆಯನ್ನು ಅವರು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಅದರ ಮೇಲೆ ತಾವೇ ಪೆನ್ಸಿಲಿನಲ್ಲಿ ಇನ್ನೂ ಎರಡು ಬಾಣ ಎಳೆದಿದ್ದರು. ಸ್ಥಳ ಪರಿಶೀಲನೆಯನ್ನು ಎಲ್ಲಿ ಸೇರಿಸಬೇಕು ಎಂಬುದು ನನಗೆ ಹೊಳೆದಿರಲಿಲ್ಲ, ಅವರಿಗೆ ಹೊಳೆದಿತ್ತು. ಮುಂದಿನ ಮೇ 31ಕ್ಕೆ ಅವರ ನಿವೃತ್ತಿ. ಅದಕ್ಕೆ ಮೊದಲು ಒಂದು ಸರ್ಕಾರಿ ಆದೇಶ ಹೊರಡಿಸಿ, ಅವರ ಪಕ್ಕದಲ್ಲಿ ಆರು ತಿಂಗಳು ಕೂರಲು ಯಾರನ್ನಾದರೂ ಕಳಿಸಿಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯ ಎರಡನೇ ಹಂತದ ಒಬ್ಬ ಸಣ್ಣ ಉದ್ಯಮಿ
ಬೆಂಗಳೂರು